ಅಪ್ಪನ ಲೆಕ್ಕದಲ್ಲಿ ಅತ್ತೆಯ ಕಾಲು

ಗೇಟಿನ ಚಿಲಕ ಸದ್ದಾದರೆ ನಮ್ಮ ಮನೆಯ ಹೊಲಿಗೆ ಮಿಷನ್ನು ನಿಲ್ಲುತ್ತಿತ್ತು. ಬಾಲ್ಯ ಎಂದ ಕೂಡಲೇ ನನಗೆ ನೆನಪಾಗುವುದು ಆ ಸದ್ದು ನಿಂತ ಕ್ಷಣ. ತುಮಕೂರಿನ ಸದಾಶಿವನಗರದಲ್ಲಿ ನಮ್ಮದು ಉದ್ದಕ್ಕೆ ಚಾಚಿಕೊಂಡ ಕಿರಿದಾದ ಮನೆ. ಮುಂದೆ ಹಾಲ್, ನಡುವೆ ಊಟದ ಕೋಣೆ, ಅದರ ಪಕ್ಕಕ್ಕೆ ಅಡುಗೆಮನೆ, ಕೊನೆಯಲ್ಲಿ ಹಿತ್ತಿಲ ಬಾಗಿಲಿಗೆ ಅಂಟಿಕೊಂಡ ಅತ್ತೆಯ ಕೋಣೆ. ಗಿರಿಜತ್ತೆ ಅಪ್ಪನ ತಂಗಿ. ನಾನು ಹುಟ್ಟಿದಾಗ ಅಮ್ಮನ ಬಾಣಂತನಕ್ಕೆ ಸಹಾಯವಾಗಲೆಂದು ಹಾಗಲವಾಡಿಯಿಂದ ಬಂದವಳು ಮತ್ತೆ ಊರಿಗೆ ಹೋಗಲಿಲ್ಲ. ಚಿಕ್ಕಂದಿನ ಪೋಲಿಯೋದಿಂದ ಅವಳ ಎಡಗಾಲು ಸಣ್ಣಗಾಗಿತ್ತು. ಮಿಷನ್ನಿನ ಪೆಡಲನ್ನು ಬಲಗಾಲೊಂದರಿಂದಲೇ ತುಳಿಯುತ್ತಿದ್ದಳು. ಹಾಗಾಗಿ ಅದರ ಸದ್ದು ಜೋರಾಗಿ ಓಡಿ, ಸ್ವಲ್ಪ ತಡೆದು, ಮತ್ತೆ ಓಡುತ್ತಿತ್ತು. ಬೇರೆಯವರ ಮನೆಯಲ್ಲಿ ಒಂದೇ ಸಮನೆ ಓಡುವ ಮಿಷನ್ ಕೇಳಿದರೆ ಅದೇ ಕೆಟ್ಟಿದೆ ಎಂದು ನನಗನ್ನಿಸುತ್ತಿತ್ತು. ಚಿಲಕ ಸದ್ದಾದಾಗ ಅತ್ತೆಗೆ ಬೇಗ ಏಳಲು ಆಗುತ್ತಿರಲಿಲ್ಲವಾದ್ದರಿಂದ ಮಿಷನ್ನಿನ ಮೇಲೆ ಹೂವಿನ ಬೆಡ್‌ಶೀಟ್ ಎಳೆದು, ಅದರ ಮೇಲೆ ನನ್ನ ಪುಸ್ತಕಗಳನ್ನು ಜೋಡಿಸುವುದು ನನ್ನ ಕೆಲಸ. ಬಂದವರು ರವಿಕೆ ಹೊಲಿಸುವ ಹೆಂಗಸರಾದರೆ ಬೆಡ್‌ಶೀಟ್ ಮತ್ತೆ ಕೆಳಗಿಳಿಯುತ್ತಿತ್ತು. ಗುರುತಿಲ್ಲದ ಗಂಡಸರಾದರೆ ಅವರು ಹೋಗುವವರೆಗೆ ಹಾಗೆಯೇ ಇರುತ್ತಿತ್ತು. ಹೀಗೆ ಮಾಡಬೇಕೆಂದು ಹೇಳಿದವರು ಅಪ್ಪ. ಕಾರಣ ಆದಾಯ ತೆರಿಗೆ.

ಅಪ್ಪ ಗುಬ್ಬಿಯ ಒಂದು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಬೆಳಗಿನ ರೈಲಿಗೆ ಹೋಗಿ ಸಂಜೆಯ ರೈಲಿಗೆ ಬರುತ್ತಿದ್ದರು. ಹಣೆಯ ವಿಭೂತಿ ಸಂಜೆಯವರೆಗೂ ಅಳಿಸದಂತೆ ನಿಧಾನವಾಗಿ ಬದುಕಿದ ಮನುಷ್ಯ. ಆದರೆ ಫೆಬ್ರವರಿ ಬಂದರೆ ಬೇರೆಯೇ ಆಗಿಬಿಡುತ್ತಿದ್ದರು. ವರ್ಷದ ಸಂಬಳದಲ್ಲಿ ಯಾವುದಕ್ಕೆ ತೆರಿಗೆ ಬೀಳಬಾರದು ಎಂಬುದಕ್ಕೆ ಪುರಾವೆಗಳನ್ನು ಶಾಲೆಯ ಆಫೀಸಿಗೆ ಕೊಡಬೇಕಾದ ತಿಂಗಳು ಅದು. ಊಟದ ಟೇಬಲ್ಲಿನ ತುಂಬ ಕಾಗದಗಳು ಹರಡಿಕೊಳ್ಳುತ್ತಿದ್ದವು, ನಾವು ವಾರಗಟ್ಟಲೆ ನೆಲದ ಮೇಲೆ ಕೂತು ಊಟ ಮಾಡುತ್ತಿದ್ದೆವು. ನನ್ನ ಶಾಲೆಯ ಫೀಸಿನ ರಸೀತಿ, ಅಮ್ಮನ ಹೆಸರಿನ ವಿಮೆಯ ರಸೀತಿ, ಮನೆಯ ಸಾಲದ ಕಾಗದ, ಕೊನೆಗೆ ಬೀರುವಿನ ಒಳಖಾನೆಯಿಂದ ಪ್ಲಾಸ್ಟಿಕ್ ಕವರಿನಲ್ಲಿ ಇಳಿದು ಬರುವ ಅತ್ತೆಯ ಸರ್ಟಿಫಿಕೇಟು. ಅದರಲ್ಲಿ ಅತ್ತೆಯ ಫೋಟೋ ಇತ್ತು, ಅವಳ ಎಡಗಾಲು ಎಷ್ಟು ಶೇಕಡ ಊನ ಎಂದು ಡಾಕ್ಟರು ಬರೆದಿದ್ದರು. ಅಂಗವಿಕಲರಾದ ಅಕ್ಕತಂಗಿಯರನ್ನೋ ಅಣ್ಣತಮ್ಮಂದಿರನ್ನೋ ಸಾಕುವ ನೌಕರನಿಗೆ, ಅವನ ಆದಾಯದಲ್ಲಿ ಒಂದಷ್ಟು ಮೊತ್ತವನ್ನು ಕಳೆದು ಉಳಿದದ್ದಕ್ಕೆ ಮಾತ್ರ ತೆರಿಗೆ ಹಾಕುವ ನಿಯಮವಿದೆ. ಷರತ್ತು ಒಂದೇ, ಅವರು ಬದುಕಿಗೆ ಅವನನ್ನೇ ನೆಚ್ಚಿಕೊಂಡಿರಬೇಕು. ಅತ್ತೆಯ ಕಾಲು ನಿಜ. ಅವಳು ನೆಚ್ಚಿಕೊಂಡಿದ್ದಾಳೆ ಎಂಬುದು ಸುಳ್ಳು. ಗೌರಿ ಹಬ್ಬದ ತಿಂಗಳಲ್ಲಿ ಅವಳ ಹೊಲಿಗೆಯ ದುಡ್ಡಿನಲ್ಲೇ ನಮ್ಮ ಮನೆಗೆ ದಿನಸಿ ಬರುತ್ತಿತ್ತು.

ಆ ಟೇಬಲ್ಲಿನ ಸುತ್ತ ನಗುವೂ ಇತ್ತು, ಅದನ್ನು ನಾನು ಮರೆಯಬಾರದು. ಅಮ್ಮ ತರಕಾರಿ ಹೆಚ್ಚುತ್ತ ಹೇಳುತ್ತಿದ್ದಳು:

"ನನ್ ಜೀವಕ್ಕೊಂದು ರಸೀತಿ, ಗಿರಿಜಾನ್ ಕಾಲಿಗೊಂದು ಸರ್ಟಿಫಿಕೇಟು, ಮಗನ ವಿದ್ಯೆಗೊಂದು ಚೀಟಿ. ನಿಮ್ದೇನಿದೆ ಇದ್ರಲ್ಲಿ?"

"ನಂದು ಸಂಬಳ ಕಣೇ," ಎನ್ನುತ್ತಿದ್ದರು ಅಪ್ಪ, ತಲೆಯೆತ್ತದೆ.

"ಹಾಗಲವಾಡಿ ತೋಟದ ಕಾಯಿ ದುಡ್ಡು ಎಲ್ ಬರೀತೀಯಣ್ಣ?" ಎಂದು ಅತ್ತೆ ಕೇಳಿದ್ದಳು ಒಮ್ಮೆ.

"ಬೇಸಾಯದ್ದಕ್ಕೆ ತೆರಿಗೆ ಇಲ್ಲ. ತೆಂಗಿನಕಾಯಿ ಎಷ್ಟ್ ಬಿದ್ರೂ ಯಾರೂ ಕೇಳಲ್ಲ."

"ಹಂಗಾದ್ರೆ ನಾನು ರವಿಕೆ ಹೊಲಿಯೋ ಬದ್ಲು ಕಾಯಿ ಬುಟ್ಟಿದ್ರೆ ಚೆನ್ನಾಗಿತ್ತು ಬುಡು."

ಅಪ್ಪ ಕೂಡ ನಕ್ಕಿದ್ದರು. ನಕ್ಕಿದ್ದರು ಎಂದು ಬರೆಯುತ್ತಿದ್ದೇನೆ, ಆದರೆ ಅವರ ಮುಖ ನೆನಪಿಲ್ಲ. ಮಾತು ನೆನಪಿದೆ, ನಗು ನಾನು ಆಮೇಲೆ ಸೇರಿಸಿದ್ದೂ ಇರಬಹುದು.

ಊಟದ ಕೋಣೆಯ ಬಾಗಿಲ ಚೌಕಟ್ಟಿನ ಮೇಲೆ ನನ್ನ ಎತ್ತರದ ಪೆನ್ಸಿಲ್ ಗುರುತುಗಳಿದ್ದವು. ತೆರಿಗೆ ಎಂದರೇನು ಎಂದು ನಾನು ಕೇಳಿದಾಗ ಅಪ್ಪ ನನ್ನನ್ನು ಅಲ್ಲಿ ನಿಲ್ಲಿಸಿ, ಎದೆಯ ಹತ್ತಿರ ಒಂದು ಗೆರೆ, ತಲೆಯಿಂದ ಒಂದು ಬೆರಳು ಕೆಳಗೆ ಇನ್ನೊಂದು ಗೆರೆ ಎಳೆದರು. ಎದೆಯವರೆಗೆ ತೆರಿಗೆಯೇ ಇಲ್ಲ, ಎದೆ ದಾಟಿದರೆ ನೂರಕ್ಕೆ ಹತ್ತು, ತಲೆಯ ಗೆರೆ ದಾಟಿದರೆ ಇಪ್ಪತ್ತು ಎಂದರು. ನಂತರ ನನ್ನ ತಲೆ ಗೆರೆಯ ಮೇಲೆ ಒಂದು ಬೆರಳಷ್ಟು ಹೊರಗಿದ್ದುದನ್ನು ತೋರಿಸಿದರು.

"ನೋಡು, ಒಂದ್ ಬೆರಳು ದಾಟಿದ್ರೂ ಮೈ ಪೂರ್ತಿ ಆ ಕಡೆಗೆ ಹೋಗುತ್ತೆ. ಪಾದದಿಂದ ತಲೆವರೆಗೂ ಇಪ್ಪತ್ತು. ಅದಕ್ಕೇ ಗೆರೆ ದಾಟಬಾರದು. ನಮ್ಮನ್ನ ಗೆರೆ ಕೆಳಗೆ ಹಿಡಿದಿರೋದು ನಿಮ್ಮತ್ತೆ ಕಾಗದ."

ನಾನು ಮೊಣಕಾಲು ಬಗ್ಗಿಸಿ ತಲೆಯನ್ನು ಗೆರೆಯ ಕೆಳಗೆ ತಂದೆ. ಎಷ್ಟೋ ದಿನ ಆ ಬಾಗಿಲು ದಾಟುವಾಗ ತಲೆ ತಗ್ಗಿಸುತ್ತಿದ್ದೆ.

ನನಗೆ ಹನ್ನೆರಡೋ ಹದಿಮೂರೋ ಆಗಿದ್ದ ವರ್ಷ ಅತ್ತೆಗೆ ಒಂದು ಆಸೆ ಹುಟ್ಟಿತು. ನಮ್ಮ ಬೀದಿಯ ತಿರುವಿನಲ್ಲಿ ಒಂದು ಮಳಿಗೆ ಖಾಲಿಯಾಗಿತ್ತು. ಅದನ್ನು ಬಾಡಿಗೆಗೆ ಹಿಡಿದು, ಕಾಲಿನಿಂದ ತುಳಿಯಬೇಕಿಲ್ಲದ ಮೋಟಾರಿನ ಮಿಷನ್ ಎರಡು ಹಾಕಿ, ಬೋರ್ಡು ಬರೆಸಬೇಕು. ಬ್ಯಾಂಕಿಗೆ ಹೋಗಿ ಸಾಲ ಕೇಳಿದಳು. ಅವರು ಮೂರು ವರ್ಷದ ಆದಾಯ ತೆರಿಗೆ ರಿಟರ್ನ್ ತನ್ನಿ ಎಂದರು. ಅತ್ತೆಯ ಆದಾಯಕ್ಕೆ ತೆರಿಗೆ ಬೀಳುವಂತಿರಲಿಲ್ಲ, ಚೌಕಟ್ಟಿನ ಲೆಕ್ಕದಲ್ಲಿ ಅವಳದು ಮೊಣಕಾಲಿನವರೆಗೂ ಬರುವುದಿಲ್ಲ. ಆದರೂ ರಿಟರ್ನ್ ಹಾಕಬಹುದು, ತೆರಿಗೆ ಸೊನ್ನೆ ಎಂದೇ ಬರೆದು ಹಾಕಬಹುದು. ಹಾಕಿದರೆ ಇಂಥವಳು ಇಷ್ಟು ದುಡಿಯುತ್ತಾಳೆ ಎಂದು ಸರಕಾರದ ಮೊಹರಿರುವ ಒಂದು ಚೀಟಿ ಸಿಗುತ್ತದೆ. ಅತ್ತೆ ಯಾರಿಗೂ ಹೇಳದೆ ಪ್ಯಾನ್ ಕಾರ್ಡ್ ಮಾಡಿಸಿದಳು. ಜುಲೈ ತಿಂಗಳ ಒಂದು ಮಧ್ಯಾಹ್ನ ಫಾರಂ ತುಂಬಿಕೊಡುವ ವಯಸ್ಸಾದ ಯಜಮಾನರೊಬ್ಬರ ಹತ್ತಿರ ನನ್ನನ್ನು ಕರೆದುಕೊಂಡು ಹೋದಳು.

ಆ ಮಧ್ಯಾಹ್ನ ನನ್ನ ಮನಸ್ಸಿನಲ್ಲಿ ಅತ್ಯಂತ ಸ್ಪಷ್ಟವಾಗಿದೆ. ಇಕ್ಕಟ್ಟಾದ ಮೆಟ್ಟಿಲು, ಅತ್ತೆ ಗೋಡೆ ಹಿಡಿದು ಒಂದೊಂದೇ ಹತ್ತುವುದು, ಹದಿನೇಳು ಮೆಟ್ಟಿಲು, ಮೇಲೆ ಒಂದು ಕೋಣೆ, ಅದರಲ್ಲಿ ಸ್ಟೂಲು. ಯಜಮಾನರು ಕೇಳಿದರು:

"ಕೆಲಸ ಏನಂತ ಬರೀಲಮ್ಮ?"

"ಮನೆ ಕೆಲ್ಸ," ಎಂದಳು ಅತ್ತೆ. ನಂತರ, "ಅಲ್ಲ, ಟೈಲರಿಂಗು."

"ಯಾವ್ದಾದ್ರೂ ಒಂದು ಹೇಳಿ."

"ಟೈಲರಿಂಗು."

"ನಿಮ್ಗೆ ತೆರಿಗೆ ಬೀಳಲ್ಲ ಬಿಡಿ. ಕಾಲಿಗೂ ರಿಯಾಯ್ತಿ ಐತೆ, ಅದೂ ಬೇಕಾಗಲ್ಲ. ಬೇರೆ ಯಾರಾದ್ರೂ ನಿಮ್ಮನ್ನ ತೋರ್ಸಿ ತಗೊಳ್ತಾವ್ರಾ?"

ಅತ್ತೆ ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ:

"ಅಪ್ಪ ತಗೋತಾರೆ. ಪ್ರತಿ ವರ್ಷ."

ಉತ್ತರ ಗೊತ್ತಿದ್ದ ಪ್ರಶ್ನೆಗೆ ಉತ್ತರ ಹೇಳಿದ ಖುಷಿ ನನಗೆ. ಯಜಮಾನರು ಪೆನ್ನಿನ ಕ್ಯಾಪು ಹಾಕಿದರು.

"ಹಂಗಾದ್ರೆ ನಿಮ್ಮಣ್ಣನ್ನ ಒಂದ್ ಮಾತು ಕೇಳ್ಕೊಂಡ್ ಬನ್ನಿ. ಒಂದ್ ಕಾಗದದಲ್ಲಿ ನೀವು ದುಡಿಯಲ್ಲ, ಇನ್ನೊಂದ್ರಲ್ಲಿ ದುಡೀತೀರ. ಎರಡೂ ಹೋಗೋದು ಒಂದೇ ಇಲಾಖೆಗೆ."

ಇಳಿಯುವಾಗ ಅತ್ತೆ ನನ್ನ ಹೆಗಲು ಹಿಡಿದುಕೊಂಡಿದ್ದಳು. ಬೈಯಲಿಲ್ಲ. ಆ ದಿನ ನಾನು ಬಾಯಿ ಮುಚ್ಚಿಕೊಂಡಿದ್ದರೆ ಫಾರಂ ಹೋಗಿಬಿಡುತ್ತಿತ್ತು ಎಂಬ ಯೋಚನೆ ಆಮೇಲೆ ಹುಟ್ಟಿ, ನನ್ನ ಜೊತೆಯಲ್ಲೇ ಬೆಳೆಯಿತು. ಸತ್ಯವನ್ನು ಹೇಳುವ ಮೊದಲು ಅದು ಯಾರ ಮೇಲೆ ಬೀಳುತ್ತದೆ ಎಂದು ನೋಡುವ ಅಭ್ಯಾಸ, ನೋಡಿ ನೋಡಿ ಕೊನೆಗೆ ಏನನ್ನೂ ಹೇಳದೆ ಉಳಿಯುವ ಅಭ್ಯಾಸ, ಎರಡೂ ನನಗೆ ಆ ಮೆಟ್ಟಿಲುಗಳಿಂದ ಬಂದವು ಎಂದೇ ನಂಬಿದ್ದೆ.

ಎರಡು ದಿನದ ನಂತರ ಸಂಜೆ, ಅಪ್ಪ ರೈಲಿಳಿದು ಬಂದು ಕೈಕಾಲು ತೊಳೆದು ಊಟಕ್ಕೆ ಕೂತಾಗ ಅತ್ತೆ ಮುದ್ದೆ ಬಡಿಸಿ, ಸೊಪ್ಪಿನ ಸಾರು ಬಿಟ್ಟು, ನಿಂತೇ ಹೇಳಿದಳು:

"ಅಣ್ಣ, ಬರೋ ವರ್ಷದಿಂದ ನನ್ ಕಾಗದ ಕೊಡ್ಬೇಡ."

"ಯಾವ ಕಾಗದ?"

"ಕಾಲಿಂದು."

ಅಪ್ಪ ಮುದ್ದೆ ಮುರಿದ ಕೈಯನ್ನು ತಟ್ಟೆಯಲ್ಲೇ ಬಿಟ್ಟರು. ಅತ್ತೆ ಮಳಿಗೆಯ ವಿಷಯ, ಬ್ಯಾಂಕಿನ ವಿಷಯ ಹೇಳಿದಳು.

"ತೆರಿಗೆ ಬೀಳದೋರು ರಿಟರ್ನ್ ಯಾಕ್ ಹಾಕ್ಬೇಕು ಗಿರಿಜ? ಯಾರಾದ್ರೂ ಕೇಳಿದ್ರೆ ನಗ್ತಾರೆ."

"ನಗ್ಲಿ. ನಾನೂ ದುಡೀತೀನಿ ಅಂತ ಒಂದ್ ಕಾಗದದಲ್ಲಾದ್ರೂ ಇರ್ಲಿ."

"ನಿಂಗೇನ್ ಕಮ್ಮಿಯಾಗಿದೆ ಈ ಮನೇಲಿ?"

"ಕಮ್ಮಿಯಾಗಿದೆ ಅಂದ್ನಾ ನಾನು? ಕಾಲು ನಂದು, ರಿಯಾಯ್ತಿ ನಿಂದು. ಇಷ್ಟ್ ವರ್ಷ ಕೊಡ್ಲಿಲ್ವಾ?"

ಅಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದಳು. "ಅವ್ಳ್ ಕೇಳ್ತಿರೋದ್ರಲ್ಲಿ ತಪ್ಪೇನಿದೆ ರೀ," ಎಂದು ಶುರು ಮಾಡಿದಳು. ಅಪ್ಪ ಅವಳ ಕಡೆ ನೋಡಲಿಲ್ಲ. ಚೌಕಟ್ಟಿನ ಕಡೆ ನೋಡಿದರು.

"ಆ ಕಾಗದ ಇಲ್ದಿದ್ರೆ ಗೆರೆ ದಾಟ್ತೀವಿ. ದಾಟಿದ್ರೆ ಪೂರ್ತಿ ಸಂಬಳಕ್ಕೂ ಇಪ್ಪತ್ತು ಬೀಳುತ್ತೆ. ಆಮೇಲೆ ಇವನ ಫೀಸ್ ಎಲ್ಲಿಂದ ಕಟ್ಲಿ, ಹೇಳು."

ಅತ್ತೆ ನನ್ನ ಕಡೆ ನೋಡಿದಳು. ಸೌಟು ಅವಳ ಕೈಯಲ್ಲೇ ಇತ್ತು. "ಸಾರು ತಣ್ಣಗಾಯ್ತು, ಉಣ್ಣಣ್ಣ," ಎಂದಳು. ಮಳಿಗೆಗೆ ಆಷಾಢ ಕಳೆದ ಮೇಲೆ ಬೇರೆ ಯಾರೋ ಬಂದರು. ಮಿಷನ್ನು ಹಿತ್ತಿಲ ಕೋಣೆಯಲ್ಲೇ ಓಡಿತು, ಚಿಲಕದ ಸದ್ದಿಗೆ ನಿಂತಿತು. ಮುಂದಿನ ಫೆಬ್ರವರಿಯಲ್ಲಿ ಸರ್ಟಿಫಿಕೇಟನ್ನು ಬೀರುವಿನಿಂದ ಇಳಿಸಿ ಟೇಬಲ್ಲಿನ ಮೇಲಿಟ್ಟವಳು ಅತ್ತೆಯೇ. ಆ ವರ್ಷ ಟೇಬಲ್ಲಿನ ಸುತ್ತ ಯಾರೂ ತಮಾಷೆ ಮಾಡಲಿಲ್ಲ.

ಆಮೇಲೆ ನಾನು ವಿಶ್ವವಿದ್ಯಾಲಯಕ್ಕೆ ಹೋಗಿ ಅರ್ಥಶಾಸ್ತ್ರ ಓದಿದೆ. ಒಂದು ದಿನ ಪಾಠದಲ್ಲಿ ಮೇಷ್ಟ್ರು ಬೋರ್ಡಿನ ಮೇಲೆ ಮೆಟ್ಟಿಲು ಬರೆದು ತೆರಿಗೆಯ ದರ ವಿವರಿಸಿದರು. ಆದಾಯ ಒಂದು ಗೆರೆ ದಾಟಿದರೆ, ದಾಟಿದ ಭಾಗಕ್ಕೆ ಮಾತ್ರ ಹೆಚ್ಚಿನ ದರ. ಕೆಳಗಿನದಕ್ಕೆ ಕೆಳಗಿನ ದರವೇ. ಬಾಗಿಲ ಚೌಕಟ್ಟಿನಲ್ಲಿ ಹೇಳುವುದಾದರೆ, ಇಪ್ಪತ್ತು ಬೀಳುವುದು ಗೆರೆಯ ಮೇಲಿನ ಆ ಒಂದು ಬೆರಳಷ್ಟು ತಲೆಗೆ ಮಾತ್ರ, ಪಾದಕ್ಕೆ ಅಲ್ಲ. ಆ ವಾರವೇ ಮನೆಗೆ ಬಂದೆ. ಅಪ್ಪನ ಮುಂದೆ ಕಾಗದ ಹಿಡಿದು ಕೂತು, ಆ ವರ್ಷ ಅತ್ತೆಯ ಸರ್ಟಿಫಿಕೇಟ್ ಕೊಡದೆ ಇದ್ದಿದ್ದರೆ ಎಷ್ಟು ತೆರಿಗೆ ಹೆಚ್ಚಾಗುತ್ತಿತ್ತು ಎಂದು ಲೆಕ್ಕ ಮಾಡಿ ತೋರಿಸಿದೆ. ಅತ್ತೆ ಗೌರಿ ಹಬ್ಬದ ಒಂದು ತಿಂಗಳಲ್ಲಿ ಹೊಲಿದು ಗಳಿಸುತ್ತಿದ್ದುದಕ್ಕಿಂತ ಕಡಿಮೆ ಬಂತು.

"ನಿಮ್ಮ ಲೆಕ್ಕವೇ ತಪ್ಪಪ್ಪ. ಇಷ್ಟಕ್ಕೋಸ್ಕರ ಅತ್ತೆ ಅಂಗಡಿ ಬಿಟ್ಳು."

ಅಪ್ಪ ಕನ್ನಡಕ ತೆಗೆದು ಕಾಗದವನ್ನು ಹತ್ತಿರ ಹಿಡಿದು ನೋಡಿದರು.

"ಹೌದಾ," ಎಂದರು. "ಇಷ್ಟ್ ದಿನ ಗೊತ್ತೇ ಇರ್ಲಿಲ್ಲ ನೋಡು."

ಗೆದ್ದ ಸಂತೋಷದಲ್ಲಿ ನಾನು ಹಿಂದಕ್ಕೆ ತಿರುಗಿದಾಗ ಹಿತ್ತಿಲ ಕೋಣೆಯ ಮಿಷನ್ನು ನಿಂತಿತ್ತು. ಗೇಟಿನಲ್ಲಿ ಯಾರೂ ಇರಲಿಲ್ಲ. ಅತ್ತೆ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವಳು ಬಿಟ್ಟುಕೊಟ್ಟದ್ದಕ್ಕೆ ಒಂದು ಕಾರಣವಾದರೂ ಇತ್ತು ಎಂದು ಅವಳು ತಿಳಿದಿದ್ದರೆ, ಅದನ್ನೂ ನಾನು ಕಿತ್ತುಕೊಂಡೆ. ಎಂಟು ವರ್ಷ ದಂಡವಾಯಿತು ಎಂದು ಪೆನ್ಸಿಲ್ಲಿನಲ್ಲಿ ಲೆಕ್ಕ ಮಾಡಿ ಕೊಟ್ಟವನು ನಾನು.

ಅಪ್ಪ ನಿವೃತ್ತರಾದ ತಿಂಗಳು ಅತ್ತೆ ಸರ್ಟಿಫಿಕೇಟನ್ನು ವಾಪಸು ಕೇಳಿ ಪಡೆದಳು. ಕುಣಿಗಲ್ಲಿನಲ್ಲಿ ಅವಳ ಹಳೆಯ ಗಿರಾಕಿಯೊಬ್ಬರ ಮಳಿಗೆ ಖಾಲಿಯಿತ್ತು. ಮಿಷನ್ನನ್ನು ಒಂದು ಟೆಂಪೋದಲ್ಲಿ ಹಾಕಿಸಿಕೊಂಡು, ತಾನು ಡ್ರೈವರಿನ ಪಕ್ಕ ಕೂತು ಹೋದಳು. ಆಗ ಅವಳಿಗೆ ಐವತ್ತು. ಅಪ್ಪ ಗೇಟಿನವರೆಗೆ ಬಂದು ಚಿಲಕ ತೆಗೆದು ಹಿಡಿದುಕೊಂಡಿದ್ದರು ಎಂದು ಅಮ್ಮ ಹೇಳುತ್ತಾಳೆ. ನಾನು ಅಲ್ಲಿರಲಿಲ್ಲ.

ಕಳೆದ ವರ್ಷ ಅಪ್ಪ ತೀರಿಕೊಂಡ ಮೇಲೆ ಅವರ ಬೀರು ಖಾಲಿ ಮಾಡುವಾಗ ಗೆರೆ ಹಾಕಿದ ಹಾಳೆಗಳ ಒಂದು ಕಟ್ಟು ಸಿಕ್ಕಿತು. ಗುಬ್ಬಿಯ ಶಾಲೆಯ ಮೇಷ್ಟ್ರುಗಳಿಗೆಲ್ಲ ಪ್ರತಿ ವರ್ಷ ತೆರಿಗೆಯ ಲೆಕ್ಕ ಮಾಡಿಕೊಡುತ್ತಿದ್ದವರು ಅಪ್ಪ. ಒಬ್ಬೊಬ್ಬರಿಗೆ ಒಂದೊಂದು ಹಾಳೆ. ಅವರ ದುಂಡನೆಯ ಅಂಕಿಗಳಲ್ಲಿ ಇಷ್ಟರವರೆಗೆ ಇಲ್ಲ, ಇಲ್ಲಿಂದ ಇಲ್ಲಿಗೆ ಹತ್ತು, ದಾಟಿದ್ದಕ್ಕೆ ಮಾತ್ರ ಇಪ್ಪತ್ತು. ಒಂದೂ ತಪ್ಪಿಲ್ಲ. ನಾನು ಹುಟ್ಟುವ ಮೊದಲಿನ ಹಾಳೆಗಳೂ ಇದ್ದವು. ಗಣಿತದ ಮೇಷ್ಟ್ರಿಗೆ ಇಷ್ಟು ತಿಳಿಯದಿರಲು ಸಾಧ್ಯವೇ ಎಂದು ನನಗೆ ಆವತ್ತಿನವರೆಗೆ ಹೊಳೆಯದಿದ್ದದ್ದು ನನ್ನ ವಿದ್ಯೆಯ ಬಗ್ಗೆ ಏನೋ ಹೇಳುತ್ತದೆ. ಹಾಗಾದರೆ ಚೌಕಟ್ಟಿನ ಹತ್ತಿರ ಅವರು ನಿಜಕ್ಕೂ ಹಾಗೆ ಹೇಳಿದರೇ, ಅಥವಾ ಸರಿಯಾಗಿಯೇ ಹೇಳಿದ್ದನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡೆನೇ? ಚೌಕಟ್ಟಿಗೆ ಈಗ ಎರಡು ಸಲ ಬಣ್ಣ ಬಳಿದಿದೆ. ನಾನು ಉಗುರಿನಿಂದ ಕೆರೆದು ನೋಡಿದೆ. ಮರ ಸಿಕ್ಕಿತು, ಗೆರೆ ಸಿಗಲಿಲ್ಲ.

ಆ ಕಟ್ಟನ್ನು ತೆಗೆದುಕೊಂಡು ಜುಲೈನಲ್ಲಿ ಕುಣಿಗಲ್ಲಿಗೆ ಹೋದೆ. ಅತ್ತೆ ಅಲ್ಲಿಗೆ ಹೋದ ಮೊದಲ ವರ್ಷದಿಂದಲೂ ರಿಟರ್ನ್ ಹಾಕುತ್ತಾ ಬಂದಿದ್ದಾಳೆ. ಫಾರಂ ತುಂಬಿಕೊಡುತ್ತಿದ್ದ ಹುಡುಗಿ ಮದುವೆಯಾಗಿ ಹೋದಳೆಂದು ಈ ಸಲ ನನ್ನನ್ನು ಕರೆದಿದ್ದಳು. ಅಂಗಡಿ ಚಿಕ್ಕದು. ಮಾರ್ಕೋನಹಳ್ಳಿ ಕಡೆಯಿಂದ ಬಂದ ಇಬ್ಬರು ಹೆಂಗಸರು ಮದುವೆಯ ರವಿಕೆಗಳಿಗೆ ಅಳತೆ ಕೊಟ್ಟು ಹೋದ ಮೇಲೆ ನಾನು ಹಾಳೆಗಳನ್ನು ಅವಳ ಮುಂದಿಟ್ಟೆ.

"ಅಪ್ಪಂಗೆ ಗೊತ್ತಿತ್ತು ಅತ್ತೆ. ಗೊತ್ತಿದ್ದೂ ನಿಂಗೆ ಸುಳ್ಳು ಹೇಳಿದ್ರು."

ಅತ್ತೆ ಹಾಳೆಗಳನ್ನು ಮುಟ್ಟಲಿಲ್ಲ. ಸೂಜಿಗೆ ದಾರ ಪೋಣಿಸುತ್ತಿದ್ದಳು.

"ಆ ಮೇಷ್ಟ್ರುಗಳ ಹೆಂಡ್ತೀರೆಲ್ಲ ನನ್ ಗಿರಾಕಿಗಳಲ್ವೇನೋ. ನಿಮ್ಮಣ್ಣ ಎಷ್ಟ್ ಚೆನ್ನಾಗಿ ಲೆಕ್ಕ ಮಾಡ್ಕೊಡ್ತಾರೆ ಅಂತ ರವಿಕೆ ಅಳತೆ ಕೊಡ್ತಾ ಕೊಡ್ತಾನೇ ಹೇಳೋರು. ನಂಗೆ ಆವಾಗ್ಲೇ ಗೊತ್ತಿತ್ತು."

"ಮತ್ತೆ ಯಾಕೆ ಒಪ್ಪಿದೆ?"

"ಅವ್ನು ಹೆದರ್ಕೊಂಡಿದ್ದ ಕಣೋ. ಅಷ್ಟ್ ವರ್ಷ ನಾನು ದುಡಿಯಲ್ಲ ಅಂತ ಬರ್ಕೊಟ್ಟವ್ನೆ. ನಾನು ದುಡೀತೀನಿ ಅಂತ ಒಂದ್ ಕಾಗದ ಹೋದ್ರೆ ಹಳೇದೆಲ್ಲ ತೆಗೀತಾರೆ, ಕೆಲ್ಸ ಹೋಗುತ್ತೆ ಅಂತ. ತಂಗಿ ಮುಂದೆ ಹೆದ್ರಿಕೆ ಅನ್ನೋಕ್ಕಾಗುತ್ತಾ? ಅದಕ್ಕೇ ಗೆರೆ ಅಂದ."

"ನೀನು ಅವರನ್ನ ಕ್ಷಮಿಸಿದೀಯಾ?"

ದಾರ ಸೂಜಿಯೊಳಗೆ ಹೋಯಿತು. ಅವಳು ಅದನ್ನು ಎಳೆದು ಗಂಟು ಹಾಕಿದಳು.

"ಹೆದ್ರಿಕೆ ಅವ್ನದು, ಒಪ್ತೀನಿ. ವರ್ಷ ನನ್ನವು."

ಆಗ ನಾನು ನನ್ನದನ್ನು ಹೇಳಿದೆ. ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಆ ಮೆಟ್ಟಿಲು, ಯಜಮಾನರು, ಅಪ್ಪ ತಗೋತಾರೆ ಎಂದ ನನ್ನ ಮಾತು.

ಅತ್ತೆ ಕತ್ತು ಓರೆ ಮಾಡಿ ನನ್ನನ್ನೇ ನೋಡಿದಳು.

"ನೀನು ಅವತ್ತು ನನ್ ಜೊತೆ ಎಲ್ಲ್ ಬಂದಿದ್ಯೋ? ನಿಂಗೆ ಜ್ವರ. ನಾನೊಬ್ಳೇ ಹೋಗಿದ್ದೆ. ಅಣ್ಣ ತಗೋತಾನೆ ಅಂತ ಹೇಳಿದ್ದು ನಾನೇ. ಅವ್ರು ಕೇಳಿದ್ರು, ಸುಳ್ಳು ಹೇಳೋಕೆ ಬಾಯಿ ಬರ್ಲಿಲ್ಲ."

"ಮೆಟ್ಟಿಲು ನೆನಪಿದೆ ಅತ್ತೆ. ಹದಿನೇಳು."

"ಅದು ಫೋಟೋ ಸ್ಟುಡಿಯೋ. ಪ್ಯಾನ್ ಕಾರ್ಡಿನ ಫೋಟೋ ತೆಗ್ಸೋಕೆ ನಿನ್ನ ಕರ್ಕೊಂಡ್ ಹೋಗಿದ್ದೆ. ಆ ಯಜಮಾನ್ರದು ನೆಲದ್ ಮೇಲಿನ ಅಂಗಡಿ, ಮೆಟ್ಲೇ ಇರ್ಲಿಲ್ಲ. ಮೆಟ್ಲಿದ್ದಿದ್ರೆ ಹೋಗ್ತಿದ್ನಾ?"

ಅವಳು ಹೇಳಿದ್ದು ನಿಜವಿರಬಹುದು. ಸೌಟು ಹಿಡಿದು ನಿಂತು ಸಾರು ತಣ್ಣಗಾಯಿತು ಎಂದಂತೆ, ನನ್ನ ಹೊರೆ ಇಳಿಸಲು ಹೇಳಿದ ಮಾತೂ ಇರಬಹುದು. ಯಾರನ್ನು ಕೇಳಲಿ? ಪೆನ್ನಿನ ಕ್ಯಾಪು ಹಾಕಿದ ಆ ಸದ್ದು ನನ್ನ ಕಿವಿಯಲ್ಲಿ ಈಗಲೂ ಇದೆ, ಅದನ್ನು ನಾನು ಕೇಳಿಯೇ ಇಲ್ಲ ಎಂದರೆ ನನ್ನ ತಲೆಯಲ್ಲಿರುವ ಉಳಿದ ಯಾವುದನ್ನು ನಂಬಬೇಕು ತಿಳಿಯದು. ಅತ್ತೆ ಮಾತು ಮುಗಿಯಿತೆಂಬಂತೆ ಲ್ಯಾಪ್‌ಟಾಪಿನ ಕಡೆ ಕೈ ತೋರಿಸಿದಳು. ಅವಳ ಗಲ್ಲಾಪೆಟ್ಟಿಗೆಯ ಪುಸ್ತಕ ನೋಡಿ ಅಂಕಿಗಳನ್ನು ತುಂಬಿದೆ. ತೆರಿಗೆ ಲೆಕ್ಕ ಹಾಕಲು ಹಳೆಯ ಪದ್ಧತಿಯೋ ಹೊಸದೋ ಎಂದು ಆರಿಸುವ ಜಾಗ ಬಂತು.

"ಯಾವುದ್ರಲ್ಲಿ ಕಮ್ಮಿ?"

"ಎರಡ್ರಲ್ಲೂ ಸೊನ್ನೆ ಅತ್ತೆ. ನಿನ್ನ ಆದಾಯಕ್ಕೆ ತೆರಿಗೆ ಬೀಳಲ್ಲ."

"ಇಷ್ಟ್ ಹೊಲಿದ್ರೂ ಒಂದ್ ರೂಪಾಯಿ ಬೀಳಲ್ವಾ," ಎಂದಳು, ಬೇಸರವಾದವಳಂತೆ. "ಎರಡಕ್ಕೂ ಏನ್ ವ್ಯತ್ಯಾಸ ಮತ್ತೆ?"

"ಹಳೇದ್ರಲ್ಲಿ ರಿಯಾಯ್ತಿಗಳಿವೆ. ನಿನ್ನ ಕಾಲಿಗೆ ನೀನೇ ತಗೋಬಹುದು. ಹೊಸದ್ರಲ್ಲಿ ಕಾಲಿನ ವಿಷ್ಯ ಕೇಳೋದೇ ಇಲ್ಲ."

"ಕೇಳೋದೇ ಇಲ್ವಾ?"

"ಇಲ್ಲ."

"ಹಂಗಾದ್ರೆ ಹೊಸದಕ್ಕೆ ಹಾಕು."

ಕೊನೆಯಲ್ಲಿ, ನನಗೆ ತಿಳಿದಮಟ್ಟಿಗೆ ಈ ವಿವರಗಳೆಲ್ಲ ಸರಿಯಾಗಿವೆ, ಪೂರ್ಣವಾಗಿವೆ ಎಂದು ಒಪ್ಪಿಕೊಳ್ಳುವ ಸಾಲಿತ್ತು. ಅದನ್ನು ಕನ್ನಡದಲ್ಲಿ ಓದಿ ಹೇಳಿದೆ. "ಒತ್ತು," ಎಂದಳು ಅತ್ತೆ, "ನಂಗೆ ತಿಳಿದಿರೋದು ಸರಿಯಾಗೇ ಐತೆ." ನಾನು ಒತ್ತಿದೆ. ಅವಳು ಮಿಷನ್ನಿನ ಮುಂದೆ ಕೂತಳು. ಮೋಟಾರಿನ ಮಿಷನ್ ಪಕ್ಕದಲ್ಲಿತ್ತು, ಅದು ಮದುವೆ ಕಾಲಕ್ಕೆ ಮಾತ್ರವಂತೆ. ಇವಳಿಗೆ ಹಳೆಯದೇ ಬೇಕು. ಬಲಗಾಲಿನ ಆ ಸದ್ದು ಓಡಿತು, ತಡೆಯಿತು, ಮತ್ತೆ ಓಡಿತು. ಅಷ್ಟರಲ್ಲಿ ಅಂಗಡಿಯ ಮುಂದಿನ ಕಬ್ಬಿಣದ ಗೇಟು ಕಿರುಗುಟ್ಟಿ, ಗುರುತಿಲ್ಲದ ಗಂಡಸೊಬ್ಬ ಕೈಯಲ್ಲಿ ಕಾಗದ ಹಿಡಿದು ಬಾಗಿಲಲ್ಲಿ ನಿಂತ. ಅತ್ತೆ ತಲೆಯೆತ್ತಿ ನೋಡಿ, "ಬನ್ನಿ, ಕೂತ್ಕೊಳಿ, ಇದೊಂದ್ ಅಂಚು ಮುಗಿಸ್ತೀನಿ," ಎಂದಳು. ಮಿಷನ್ನು ನಿಲ್ಲಲಿಲ್ಲ. ನಾನು ಮಾತ್ರ ಕುರ್ಚಿಯಿಂದ ಅರ್ಧ ಎದ್ದಿದ್ದೆ, ಮುಚ್ಚಲು ಏನಾದರೂ ಸಿಗುತ್ತದೆಯೇ ಎಂದು ಸುತ್ತ ನೋಡುತ್ತಿದ್ದೆ.